ಕ್ಲೈಮ್ಯಾಕ್ಸ್ ಬಿಟ್ಟುಕೊಡುವವರನ್ನು ಸಂಭಾಳಿಸುವುದು ಹೇಗೆ?

ಸಿನಿಮಾ ನೋಡಿ ಬಂದವರ ಹತ್ತಿರ ಎರಡು ನಿಮಿಷ ನಿಂತ ತಪ್ಪಿಗೆ, ಎರಡೂವರೆ ಗಂಟೆ ಕೂತು ತಿಳಿಯಬೇಕಿದ್ದ ಗುಟ್ಟು ಕಿವಿಗೆ ಬಿದ್ದುಬಿಟ್ಟ ಅನುಭವ ಸಿನಿಮಾಪ್ರಿಯರಲ್ಲಿ ಹೆಚ್ಚಿನವರಿಗೆ ಇದ್ದೇ ಇರುತ್ತದೆ. ಕೊಲೆ ಮಾಡಿದವರು ಯಾರು, ಸತ್ತನೆಂದುಕೊಂಡವನು ನಿಜಕ್ಕೂ ಸತ್ತಿದ್ದಾನೆಯೇ, ಕಡೆಗೆ ಆಕೆ ಯಾರ ಕೈ ಹಿಡಿಯುತ್ತಾಳೆ ಎಂಬುದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವವರ ಮೇಲೆ ನಾವು ರೇಗುತ್ತೇವೆ, ಇಲ್ಲವೇ ಅವರನ್ನು ಕಂಡರೆ ದಾರಿ ಬದಲಿಸುತ್ತೇವೆ. ಎರಡರಿಂದಲೂ ಹೆಚ್ಚು ಉಪಯೋಗವಿಲ್ಲ. ಏಕೆಂದರೆ ಅಂತ್ಯ ಹೇಳಿಬಿಡುವವರಲ್ಲಿ ಬಹುಪಾಲು ಜನರಿಗೆ ನಿಮ್ಮ ಖುಷಿಯನ್ನು ಕೆಡಿಸುವ ಉದ್ದೇಶವೇ ಇರುವುದಿಲ್ಲ. ಅವರಿಗೆ ಬೇಕಾಗಿರುವುದು ಒಬ್ಬ ಕೇಳುಗ ಮಾತ್ರ. ಇದನ್ನು ಒಪ್ಪಿಕೊಂಡರೆ ಮಾಡಬೇಕಾದ ಕೆಲಸದ ಬಹುಭಾಗ ಅವರು ಬಾಯಿ ತೆರೆಯುವುದಕ್ಕಿಂತ ಮೊದಲೇ ಇದೆ ಎಂಬುದು ತಾನಾಗಿಯೇ ಹೊಳೆಯುತ್ತದೆ.

ಮೊದಲು ಆಸಾಮಿಯನ್ನು ಗುರುತಿಸಿ

ಎಲ್ಲರಿಗೂ ಒಂದೇ ಮದ್ದು ನಾಟುವುದಿಲ್ಲವಾದ್ದರಿಂದ, ನಿಮ್ಮ ಎದುರಿಗಿರುವವರು ಯಾವ ಬಗೆಯವರು ಎಂಬುದನ್ನು ಮೊದಲು ಕಂಡುಕೊಳ್ಳಬೇಕು. ಹೊಟ್ಟೆಯಲ್ಲಿ ಕಥೆ ಇಟ್ಟುಕೊಳ್ಳಲಾಗದೆ ಉಕ್ಕಿ ಹರಿಯುವವರು ಒಂದು ಬಗೆ. ತಾವು ನೋಡಿದ ಮೇಲೆ ಲೋಕವೆಲ್ಲ ನೋಡಿರುತ್ತದೆಂದು ನಂಬಿ ಮಾತನಾಡುವ ಮರೆಗುಳಿಗಳು ಇನ್ನೊಂದು ಬಗೆ. ಇವರಿಬ್ಬರೂ ನಿರಪಾಯಕಾರಿಗಳು, ಹೇಳಿದರೆ ಕೇಳುತ್ತಾರೆ. ‘ಅದರಲ್ಲೇನಿದೆ ಬಿಡಿ, ಕೊನೆಗೆ ಇಷ್ಟೇ ಆಗುವುದು’ ಎಂದು ನಿಮ್ಮ ಸಮಯ ಉಳಿಸಿಕೊಟ್ಟ ಉಪಕಾರಿಯಂತೆ ಮಾತನಾಡುವವರ ವಿಷಯದಲ್ಲಿ ಸ್ವಲ್ಪ ಗಟ್ಟಿ ದನಿ ಬೇಕಾಗುತ್ತದೆ. ನಿಮ್ಮ ಮುಖ ಸಪ್ಪೆಯಾಗುವುದನ್ನು ನೋಡಲೆಂದೇ ಹೇಳುವವರು ಕಡಿಮೆ. ಅವರ ವಿಚಾರಕ್ಕೆ ಆಮೇಲೆ ಬರೋಣ.

ಇವರೆಲ್ಲರ ನಡುವೆ ಯಾರ ಲೆಕ್ಕಕ್ಕೂ ಸಿಗದ ಮತ್ತೊಬ್ಬರಿದ್ದಾರೆ. ‘ನಾನೇನೂ ಹೇಳುವುದಿಲ್ಲ, ಆದರೆ ಕಡೆಯ ಹದಿನೈದು ನಿಮಿಷದಲ್ಲಿ ಒಂದು ಟ್ವಿಸ್ಟ್ ಇದೆ, ನೀವು ಕನಸಿನಲ್ಲೂ ಊಹಿಸಲಾರಿರಿ’ ಎಂದು ಬಾಯಿಗೆ ಬೀಗ ಹಾಕಿಕೊಂಡಂತೆ ನಟಿಸುವವರು ಇವರೇ. ನನ್ನ ಮಟ್ಟಿಗೆ ಪೂರ್ತಿ ಹೇಳಿದವರಿಗಿಂತ ಇವರಿಂದಲೇ ಹೆಚ್ಚು ನಷ್ಟ. ತಿರುವು ಇದೆಯೆಂದು ಗೊತ್ತಾದ ಪ್ರೇಕ್ಷಕ ಮೊದಲ ದೃಶ್ಯದಿಂದಲೇ ಪತ್ತೇದಾರನಾಗುತ್ತಾನೆ. ಸುಮ್ಮನೆ ನಗುವ ಪಾತ್ರದ ಮೇಲೂ ಅವನಿಗೆ ಅನುಮಾನ, ಮೇಜಿನ ಮೇಲಿನ ಲೋಟದ ಮೇಲೂ ಅನುಮಾನ. ಪೂರ್ತಿ ಹೇಳಿದವರು ಒಂದು ಗುಟ್ಟನ್ನು ಮಾತ್ರ ಕಿತ್ತುಕೊಂಡಿರುತ್ತಾರೆ, ಅರ್ಧ ಹೇಳಿದವರು ಇಡೀ ಚಿತ್ರದ ಉದ್ದಕ್ಕೂ ಪಕ್ಕದಲ್ಲಿ ಕೂತಿರುತ್ತಾರೆ. ಆದ್ದರಿಂದ ‘ಕಥೆ ಹೇಳಬೇಡಿ’ ಎಂದಷ್ಟೇ ಕೇಳಿಕೊಂಡರೆ ಸಾಲದು. ‘ತಿರುವು ಇದೆಯೋ ಇಲ್ಲವೋ ಎಂಬುದನ್ನೂ ಹೇಳಬೇಡಿ’ ಎಂದು ಬಿಡಿಸಿ ಹೇಳಬೇಕು. ತಾವು ಏನನ್ನೂ ಹೇಳಿಲ್ಲವೆಂದೇ ಇಂಥವರು ಪ್ರಾಮಾಣಿಕವಾಗಿ ನಂಬಿರುತ್ತಾರೆ.

ಕೋರಿಕೆಯನ್ನು ಸಕಾಲದಲ್ಲಿ ಮುಂದಿಡಿ

ಗುಟ್ಟು ಕಾಯುವ ವಿಷಯದಲ್ಲಿ ನಾವು ಕಲಿಯಬೇಕಾದದ್ದು ರಂಗಭೂಮಿಯವರಿಂದ ಮತ್ತು ಚಿತ್ರ ತಯಾರಿಸಿದವರಿಂದಲೇ. ಲಂಡನ್ನಿನಲ್ಲಿ 1952ರಲ್ಲಿ ಆರಂಭವಾದ ಅಗಾಥಾ ಕ್ರಿಸ್ಟಿಯ ‘ದಿ ಮೌಸ್‌ಟ್ರ್ಯಾಪ್’ ನಾಟಕದಲ್ಲಿ, ಆಟ ಮುಗಿದ ಮೇಲೆ ನಟರೇ ಮುಂದೆ ಬಂದು ಕೊಲೆಗಾರನ ಹೆಸರನ್ನು ಹೊರಗೆ ಹೇಳಬೇಡಿರೆಂದು ಪ್ರೇಕ್ಷಕರನ್ನು ಕೇಳಿಕೊಳ್ಳುವ ರೂಢಿ ಬೆಳೆಯಿತು. 1955ರ ಫ್ರೆಂಚ್ ಚಿತ್ರ ‘ಲೆ ದಿಯಾಬೊಲಿಕ್’ ಕೊನೆಯಾಗುವುದೇ, ನೋಡಿದ್ದನ್ನು ಗೆಳೆಯರಿಗೆ ಹೇಳಿ ಅವರ ಕುತೂಹಲ ಕೆಡಿಸಬೇಡಿ ಎಂಬ ಅರ್ಥದ ಬರಹ ತೆರೆಯ ಮೇಲೆ ಮೂಡುವುದರೊಂದಿಗೆ. 1957ರ ‘ವಿಟ್ನೆಸ್ ಫಾರ್ ದಿ ಪ್ರಾಸಿಕ್ಯೂಷನ್’ ಚಿತ್ರದ ಅಂತ್ಯದಲ್ಲಿ ಇಂಥದೇ ಕೋರಿಕೆ ಧ್ವನಿಯ ರೂಪದಲ್ಲಿ ಕೇಳಿಸುತ್ತದೆ. ಈ ಮೂರರಲ್ಲೂ ಗಮನಿಸಬೇಕಾದದ್ದು ಕೋರಿಕೆಯ ಒಕ್ಕಣೆಯನ್ನಲ್ಲ, ಅದನ್ನು ಇಟ್ಟ ಹೊತ್ತನ್ನು. ಪ್ರೇಕ್ಷಕ ಬಾಗಿಲು ದಾಟುವ ಮೊದಲು, ಅವನ ನಾಲಗೆಯ ತುದಿಗೆ ಗುಟ್ಟು ಬಂದು ನಿಂತಿರುವ ಆ ಕ್ಷಣಕ್ಕೆ ಸರಿಯಾಗಿ ಅದು ಬರುತ್ತದೆ.

ನೀವು ಮಾಡಬೇಕಾದದ್ದೂ ಅದನ್ನೇ. ಗೆಳೆಯರು ಚಿತ್ರಕ್ಕೆ ಹೋಗುವ ಸುದ್ದಿ ಕಿವಿಗೆ ಬಿದ್ದ ದಿನವೇ, ಅಥವಾ ಅವರು ಹೊರಬರುವ ಹೊತ್ತಿಗೆ ಸರಿಯಾಗಿ, ಒಂದು ಚಿಕ್ಕ ಸಂದೇಶ ಕಳುಹಿಸಿ: ‘ನಾನು ಭಾನುವಾರ ನೋಡುತ್ತಿದ್ದೇನೆ, ಅಲ್ಲಿಯ ತನಕ ಕಥೆಯ ಬಗ್ಗೆ ಒಂದು ಮಾತೂ ಬೇಡ.’ ಇದರಲ್ಲಿ ದಿನ ಹೇಳುವುದು ಮುಖ್ಯ. ‘ನಾನಿನ್ನೂ ನೋಡಿಲ್ಲ’ ಎಂಬ ಮಾತಿಗೆ ಕೊನೆಯಿಲ್ಲವಾದ್ದರಿಂದ ಕೇಳಿಸಿಕೊಂಡವರು ಮೂರನೆಯ ದಿನಕ್ಕೆ ಮರೆಯುತ್ತಾರೆ. ‘ಭಾನುವಾರದ ತನಕ’ ಎಂಬ ಗಡುವನ್ನಾದರೆ ಹೆಚ್ಚಿನವರು ಪಾಲಿಸುತ್ತಾರೆ. ಮರೆಗುಳಿಗಳಿಗೆ ಶನಿವಾರ ಇನ್ನೊಮ್ಮೆ ನೆನಪಿಸಿದರೆ ತಪ್ಪೇನಿಲ್ಲ.

ಹೇಳಿಕೊಳ್ಳಲು ಒಂದು ಜಾಗ ಕೊಡಿ

ತನಗೆ ಗೊತ್ತಿದ್ದ ಒಂದು ಕಥೆಯನ್ನೂ ಒಂದು ಹಾಡನ್ನೂ ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡ ಹೆಂಗಸಿನ ಜನಪದ ಕಥೆಯೊಂದು ಕನ್ನಡದಲ್ಲಿದೆ. ಉಸಿರುಕಟ್ಟಿದ ಕಥೆ ಮತ್ತು ಹಾಡು ಅವಳು ಮಲಗಿದ್ದಾಗ ಹೊರಬಂದು, ಗಂಡಸಿನ ಜೋಡು ಮತ್ತು ಅಂಗಿಯ ರೂಪ ತಾಳಿ, ಗಂಡ ಹೆಂಡಿರ ನಡುವೆ ಜಗಳ ಹಚ್ಚುತ್ತವೆ. ಒಳ್ಳೆಯ ಸಿನಿಮಾ ನೋಡಿ ಬಂದವರ ಸ್ಥಿತಿ ಇದಕ್ಕಿಂತ ಬೇರೆಯಲ್ಲ. ಬಾಯಿ ಮುಚ್ಚಿಸಿದರಷ್ಟೇ ಅವರ ಒಳಗಿನ ಕಥೆ ಸುಮ್ಮನಾಗದು. ಅದಕ್ಕೊಂದು ದಾರಿ ಮಾಡಿಕೊಡಬೇಕು.

ಹೀಗಾಗಿ ‘ಹೇಳಬೇಡಿ’ ಎಂಬ ಮಾತಿನ ಬೆನ್ನಿಗೇ ‘ಸೋಮವಾರ ಸಂಜೆ ಪುರುಸೊತ್ತಾಗಿ ಕೂತು ಪೂರ್ತಿ ಮಾತನಾಡೋಣ’ ಎಂದು ಸೇರಿಸಿ. ಚಿತ್ರ ನೋಡಿರುವ ಮೂರನೆಯವರು ನಿಮಗೆ ಗೊತ್ತಿದ್ದರೆ ಇಬ್ಬರನ್ನೂ ಜೋಡಿಸಿಬಿಡಿ. ಅನುಭವದ ಮೇಲೆ ಹೇಳುವುದಾದರೆ, ಈ ಲೇಖನದ ಬೇರೆಲ್ಲ ಸಲಹೆಗಳಿಗಿಂತ ಹೆಚ್ಚು ಫಲ ಕೊಟ್ಟದ್ದು ಇದೇ. ನನ್ನ ಹಳೆಯ ಗೆಳೆಯನೊಬ್ಬ ಇಂಟರ್‌ವಲ್ಲಿನಲ್ಲೇ ಫೋನ್ ಮಾಡಿ ಅರ್ಧ ಕಥೆ ಒಪ್ಪಿಸುವಷ್ಟು ಉತ್ಸಾಹಿ. ವರ್ಷಗಟ್ಟಲೆ ಬೈದರೂ ಬದಲಾಗದ ಅವನು, ಚಿತ್ರ ನೋಡಿದ ಕೂಡಲೇ ಅನಿಸಿದ್ದನ್ನೆಲ್ಲ ಧ್ವನಿ ಸಂದೇಶದಲ್ಲಿ ದಾಖಲಿಸಿ ಕಳುಹಿಸು, ನಾನು ನೋಡಿದ ಮೇಲೆ ಕೇಳುತ್ತೇನೆ ಎಂದ ದಿನದಿಂದ ನನಗೆ ಒಂದು ಗುಟ್ಟನ್ನೂ ಬಿಟ್ಟುಕೊಟ್ಟಿಲ್ಲ. ಹನ್ನೊಂದು ನಿಮಿಷದ ಸಂದೇಶಗಳು ಬರುತ್ತವೆ ಎಂಬುದು ಬೇರೆ ಮಾತು.

ಮಾತು ಶುರುವಾಗಿಯೇಬಿಟ್ಟರೆ

ಎಷ್ಟು ಎಚ್ಚರ ವಹಿಸಿದರೂ ನಾಲ್ಕು ಜನ ಸೇರಿದಲ್ಲಿ ಯಾರೋ ಒಬ್ಬರು ‘ಆ ಕೊನೆಯ ಸೀನಿನಲ್ಲಿ…’ ಎಂದು ಆರಂಭಿಸುತ್ತಾರೆ. ಆಗ ‘ಅಯ್ಯೋ ಬೇಡ ಬೇಡ’ ಎಂದು ನಗುತ್ತಾ ಕಿವಿ ಮುಚ್ಚಿಕೊಳ್ಳುವುದು ನಾವು ಸಾಮಾನ್ಯವಾಗಿ ಮಾಡುವ ತಪ್ಪು. ನಗು ಬೆರೆತ ‘ಬೇಡ’ ಹೇಳುವವರ ಕಿವಿಗೆ ಆಟದಂತೆಯೇ ಕೇಳಿಸುತ್ತದೆ. ಅವರ ಹೆಸರು ಹಿಡಿದು ಕರೆದು, ಕೈಯನ್ನು ಸ್ವಲ್ಪ ಮೇಲೆತ್ತಿ, ‘ನಾನು ಇನ್ನೂ ನೋಡಿಲ್ಲ, ದಯವಿಟ್ಟು ಅಲ್ಲಿಗೇ ನಿಲ್ಲಿಸಿ’ ಎಂದು ನಗದೆ, ರೇಗದೆ, ಒಂದೇ ಸಲ ಹೇಳಿ. ವಾಕ್ಯ ಮುಗಿಯಲೆಂದು ಮರ್ಯಾದೆಗೆ ಕಾಯಬೇಡಿ. ಗುಟ್ಟು ಇರುವುದು ವಾಕ್ಯದ ತುದಿಯಲ್ಲಿ, ಅದರಲ್ಲೂ ಕ್ರಿಯಾಪದ ಕಡೆಗೆ ಬರುವ ನಮ್ಮ ಭಾಷೆಯಲ್ಲಿ ಅವಳು ಅವನನ್ನು ಕೊಂದಳೋ ಕ್ಷಮಿಸಿದಳೋ ಎಂಬುದು ಕೊನೆಯ ಪದದ ತನಕ ತಿಳಿಯುವುದಿಲ್ಲ. ಮಧ್ಯೆ ಬಾಯಿ ಹಾಕಲು ಇದು ನಿಮಗಿರುವ ಅನುಕೂಲ.

ತಡೆದ ಮೇಲೆ ಸುಮ್ಮನಾಗದೆ, ಅವರು ಗುಟ್ಟು ಮುಟ್ಟದೆ ಉತ್ತರಿಸಬಹುದಾದ ಪ್ರಶ್ನೆಯೊಂದನ್ನು ಕೇಳಿ. ಹಿನ್ನೆಲೆ ಸಂಗೀತ ಹೇಗಿತ್ತು, ಛಾಯಾಗ್ರಹಣ ಹಿಡಿಸಿತೇ, ದೊಡ್ಡ ಪರದೆಯಲ್ಲೇ ನೋಡಬೇಕೇ, ಮಕ್ಕಳನ್ನು ಕರೆದೊಯ್ಯಬಹುದೇ ಎಂಬಂಥವು ಸಾಕು. ಹೊರಟ ಮಾತಿಗೆ ಬೇರೆ ಕಾಲುವೆ ಸಿಕ್ಕಂತಾಗುತ್ತದೆ, ಹೇಳುತ್ತಿದ್ದವರಿಗೂ ಮುಖಭಂಗವಾಗುವುದಿಲ್ಲ. ಗುಂಪಿನಲ್ಲಿ ನೀವೊಬ್ಬರೇ ನೋಡದವರಾಗಿದ್ದರೆ ಎಲ್ಲರ ಚರ್ಚೆ ನಿಲ್ಲಿಸಲು ಹೋಗದೆ ಹತ್ತು ನಿಮಿಷ ಎದ್ದುಹೋಗುವುದು ನ್ಯಾಯ.

ಗ್ರೂಪು, ಸ್ಟೇಟಸ್, ಥಂಬ್‌ನೇಲ್

ಬಾಯಿಮಾತಿಗಿಂತ ಮೊಬೈಲಿನಲ್ಲಿ ಅಪಾಯ ಹೆಚ್ಚು, ಏಕೆಂದರೆ ಓದಬಾರದೆಂದು ನಿಶ್ಚಯಿಸುವ ಮೊದಲೇ ಕಣ್ಣು ಓದಿರುತ್ತದೆ. ಚಿತ್ರ ಬಿಡುಗಡೆಯಾದ ದಿನದಿಂದ ನೀವು ನೋಡುವ ತನಕ ವಾಟ್ಸ್‌ಆ್ಯಪ್ ಗುಂಪುಗಳನ್ನು ಮ್ಯೂಟ್ ಮಾಡಿ, ಹೊಸ ಸಂದೇಶದ ಸೂಚನೆಯಲ್ಲಿ ಸಂದೇಶದ ಸಾಲು ಕಾಣಿಸದಂತೆ ಮಾಡಿಕೊಳ್ಳಿ. ಎಕ್ಸ್ ಜಾಲತಾಣದಲ್ಲಿ ನಿರ್ದಿಷ್ಟ ಪದಗಳಿರುವ ಪೋಸ್ಟ್‌ಗಳನ್ನು ಮರೆಮಾಡುವ ಸೌಲಭ್ಯವಿದೆ. ಚಿತ್ರದ ಹೆಸರಿನ ಜೊತೆಗೆ ಮುಖ್ಯ ಪಾತ್ರಗಳ ಹೆಸರನ್ನೂ, ಕನ್ನಡ ಮತ್ತು ಇಂಗ್ಲಿಷ್ ಎರಡೂ ಲಿಪಿಗಳಲ್ಲಿ ಅಲ್ಲಿ ಸೇರಿಸಬೇಕು. ಯೂಟ್ಯೂಬಿನಲ್ಲಿ ‘ಕ್ಲೈಮ್ಯಾಕ್ಸ್ ಅರ್ಥವೇನು’ ಎಂಬ ತಲೆಬರಹದ ಪಕ್ಕ ಕೊನೆಯ ದೃಶ್ಯದ ಚಿತ್ರವನ್ನೇ ಅಂಟಿಸುವವರಿದ್ದಾರೆ. ಅಂಥ ಚಾನೆಲ್ಲನ್ನು ಶಿಫಾರಸು ಮಾಡಬೇಡ ಎಂಬ ಆಯ್ಕೆಯನ್ನು ಒತ್ತಿದರೆ ಸಾಕು, ಕಾಮೆಂಟ್ ಹಾಕಿ ಜಗಳಕ್ಕಿಳಿಯುವ ಅಗತ್ಯವಿಲ್ಲ.

ಗುಂಪಿನಲ್ಲಿ ಚರ್ಚಿಸಲೇಬೇಕೆನ್ನುವವರಿಗೂ ದಾರಿಯಿದೆ. ಟೆಲಿಗ್ರಾಮ್ ಮತ್ತು ಡಿಸ್ಕಾರ್ಡ್‌ನಲ್ಲಿ ವಾಕ್ಯದ ಹಿಂದೆ ಮುಂದೆ ಎರಡೆರಡು ಲಂಬಗೆರೆ ಹಾಕಿದರೆ, ಓದುವವರು ಬೆರಳು ಮುಟ್ಟಿಸುವ ತನಕ ಆ ವಾಕ್ಯ ಮುಚ್ಚಿಕೊಂಡಿರುತ್ತದೆ. ಈ ಚಾಳಿ ಹೊಸದಲ್ಲ. ಅಂತರಜಾಲ ಮನೆಮನೆಗೆ ಬರುವ ಮೊದಲು, 1980ರ ದಶಕದ ಯೂಸ್‌ನೆಟ್ ಚರ್ಚಾಗುಂಪುಗಳಲ್ಲಿ, ಪ್ರತಿ ಇಂಗ್ಲಿಷ್ ಅಕ್ಷರದ ಬದಲು ಅದರಿಂದ 13 ಸ್ಥಾನ ಆಚೆಗಿನ ಅಕ್ಷರವನ್ನು ಬರೆದು ಇಂಥ ಗುಟ್ಟುಗಳನ್ನು ಮರೆಮಾಡುತ್ತಿದ್ದರು. 26 ಅಕ್ಷರಗಳ ಲಿಪಿಯಾದ್ದರಿಂದ ಅದೇ ಕ್ರಿಯೆಯನ್ನು ಮತ್ತೊಮ್ಮೆ ಮಾಡಿದರೆ ಮೂಲ ಮಾತು ಮರಳಿ ಬರುತ್ತಿತ್ತು. ಓದಲೇಬೇಕೆನ್ನುವವರು ಅಷ್ಟು ಶ್ರಮ ಪಡಲಿ ಎಂಬುದು ಅದರ ಹಿಂದಿನ ಸೊಗಸಾದ ತರ್ಕ.

ಬೇಕೆಂದೇ ಹೇಳುವವರು

ಇವರಿಗೆ ಕೇಳುಗನಷ್ಟೇ ಸಾಲದು, ನೊಂದ ಕೇಳುಗ ಬೇಕು. ಆದ್ದರಿಂದ ಮೇಲೆ ಹೇಳಿದ ಯಾವ ಕೋರಿಕೆಯನ್ನೂ ಇವರ ಮುಂದಿಡಬೇಡಿ; ನೀವು ಯಾವ ಚಿತ್ರಕ್ಕಾಗಿ ಕಾಯುತ್ತಿದ್ದೀರಿ ಎಂಬುದೇ ಇವರಿಗೆ ತಿಳಿಯದಿರಲಿ. ಹೇಳಿಯೇಬಿಟ್ಟರೆ ‘ಹೌದೇ’ ಎಂದು ಸುಮ್ಮನೆ ಮುಂದಿನ ಕೆಲಸಕ್ಕೆ ತಿರುಗಿ. ಹೇಳಿದ್ದು ನಿಜವೋ ಸುಳ್ಳೋ ಎಂದು ವಿಚಾರಿಸಲೂಬೇಡಿ, ಸೇಡಿಗೆಂದು ಅವರು ನೋಡದ ಚಿತ್ರದ ಅಂತ್ಯವನ್ನು ಹೇಳಲೂಬೇಡಿ. ಮತ್ತೆ ಮತ್ತೆ ಮಾಡುವವರು ಹತ್ತಿರದವರಾದರೆ, ನಾಲ್ವರ ಎದುರಿಗಲ್ಲದೆ ಒಬ್ಬರೇ ಸಿಕ್ಕಾಗ, ಇದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ ಎಂದು ಒಮ್ಮೆ ನೇರವಾಗಿ ಹೇಳಬಹುದು. ಅದಕ್ಕೂ ಬಗ್ಗದಿದ್ದರೆ ಅವರೊಡನೆ ಸಿನಿಮಾ ಬಿಟ್ಟು ಮಿಕ್ಕದ್ದನ್ನು ಮಾತನಾಡಿ.

ಗುಟ್ಟು ಕಿವಿಗೆ ಬಿದ್ದ ಮೇಲೆ

ಕೇಳಿಸಿಕೊಂಡದ್ದನ್ನು ಪರೀಕ್ಷಿಸಲು ವಿಮರ್ಶೆಗಳನ್ನು ಹುಡುಕಲು ಹೋಗಬೇಡಿ. ಒಂದು ಗುಟ್ಟು ತಿಳಿದವರು ಹೀಗೆ ನಾಲ್ಕು ಗುಟ್ಟು ತಿಳಿದುಕೊಂಡು ಬರುತ್ತಾರೆ. ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಮನಃಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, 12 ಸಣ್ಣಕಥೆಗಳನ್ನು ಓದಿದವರ ಪೈಕಿ ಅಂತ್ಯ ಮೊದಲೇ ತಿಳಿದಿದ್ದವರು ಸರಾಸರಿಯಲ್ಲಿ ಆ ಕಥೆಗಳನ್ನು ಹೆಚ್ಚೇ ಮೆಚ್ಚಿದ್ದರು. 2015ರಲ್ಲಿ ಬೇರೆ ಸಂಶೋಧಕರಿಗೆ ಇದಕ್ಕೆ ವಿರುದ್ಧವಾದ ಫಲಿತಾಂಶವೂ ಸಿಕ್ಕಿತು. ನಿಮ್ಮ ಗೆಳೆಯರು ಮೊದಲನೆಯದನ್ನು ಮುಂದಿಟ್ಟು ‘ನಾನು ನಿನಗೆ ಉಪಕಾರವನ್ನೇ ಮಾಡಿದ್ದೇನೆ’ ಎಂದರೆ ಎರಡನೆಯದನ್ನು ನೆನಪಿಸಿ. ನಿಮ್ಮ ಸಮಾಧಾನಕ್ಕೆ ಮಾತ್ರ ಮೊದಲನೆಯದನ್ನೇ ಇಟ್ಟುಕೊಳ್ಳಿ. ಗುಟ್ಟು ತಿಳಿದೇ ನೋಡುವಾಗ, ನಿರ್ದೇಶಕರು ಅದನ್ನು ಎಲ್ಲೆಲ್ಲಿ ಹೇಗೆ ಅಡಗಿಸಿಟ್ಟಿದ್ದಾರೆ ಎಂದು ಗಮನಿಸುವುದರಲ್ಲಿ ಬೇರೆಯದೇ ರುಚಿಯಿದೆ. ಸಾಧ್ಯವಾದರೆ ಕೆಲವು ವಾರ ಕಳೆದ ಮೇಲೆ ನೋಡಿ. ಕೇಳಿದ್ದರಲ್ಲಿ ಅರ್ಧ ಅಷ್ಟರಲ್ಲಿ ಮಸುಕಾಗಿರುತ್ತದೆ.

ಎಷ್ಟು ದಿನ ಕೇಳಬಹುದು?

ಇತರರ ಮೌನಕ್ಕೂ ಒಂದು ಮಿತಿಯಿದೆ. 2019ರ ಏಪ್ರಿಲ್ ಕೊನೆಯಲ್ಲಿ ತೆರೆಕಂಡ ‘ಅವೆಂಜರ್ಸ್: ಎಂಡ್‌ಗೇಮ್’ ಚಿತ್ರದ ನಿರ್ದೇಶಕರು, ಗುಟ್ಟು ಕಾಯಿರೆಂದು ಪತ್ರ ಬರೆದು ಬೇಡಿಕೊಂಡವರೇ, ಸುಮಾರು ಹತ್ತು ದಿನಗಳಲ್ಲಿ ಇನ್ನು ಮಾತನಾಡಬಹುದು ಎಂದು ತಾವೇ ಬಿಡುಗಡೆ ಕೊಟ್ಟರು. ಸಾರ್ವಜನಿಕ ಮಾತಿಗೆ ಎರಡು ವಾರ ನನಗೂ ಸರಿಯೆನಿಸುತ್ತದೆ. ಒಟಿಟಿಯಲ್ಲಿ ನೋಡುವವರಿಗೆ ಅಲ್ಲಿ ಬಂದ ದಿನದಿಂದ ಇನ್ನೊಂದು ವಾರ. ಮುಖಾಮುಖಿ ಮಾತಿನಲ್ಲಿ ಮಾತ್ರ ಚಿತ್ರ ಐವತ್ತು ವರ್ಷ ಹಳೆಯದಾದರೂ ‘ನೀವು ನೋಡಿದ್ದೀರಾ?’ ಎಂದು ಕೇಳಿಯೇ ಮುಂದುವರಿಯಬೇಕು. ಹಾಗೆಯೇ, ಭಾನುವಾರವೆಂದು ಗಡುವು ಹಾಕಿ ತಿಂಗಳಾದರೂ ನೋಡದವರು ಗೆಳೆಯರ ಮೇಲೆ ಮುನಿಸಿಕೊಳ್ಳುವಂತಿಲ್ಲ.

ನೋಡಿದ ಮೇಲೆ ಕೊಟ್ಟ ಮಾತಿನಂತೆ ನೀವಾಗಿಯೇ ಫೋನ್ ಮಾಡಿ. ಈ ಸಲ ಅವರು ಹೇಳಲಿ, ನೀವು ಮಧ್ಯೆ ಬಾಯಿ ಹಾಕದೆ ಕೊನೆಯ ದೃಶ್ಯದ ತನಕ ಕೇಳಿ.