ಹೊಸೂರಿನ ಚಳಿಗೆ ಹವಳದ ಅಕ್ವೇರಿಯಂ: ಹೀಟರ್ ಆರಿಸುವ ಕ್ರಮ

ಕಾಸರಗೋಡಿನಂಥ ಕರಾವಳಿಯಲ್ಲಿ ಹವಳದ ಅಕ್ವೇರಿಯಂ ಇಟ್ಟವರಿಗೆ ವರ್ಷದ ಬಹುಪಾಲು ಕಾಡುವುದು ಸೆಕೆಯೇ ಹೊರತು ಚಳಿಯಲ್ಲ. ಅಲ್ಲಿ ಪಂಪು ಮತ್ತು ದೀಪಗಳ ಕಾವೇ ನೀರನ್ನು ಬೇಕಾದುದಕ್ಕಿಂತ ಹೆಚ್ಚು ಬೆಚ್ಚಗಾಗಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮ ಹೊಸೂರಿನಲ್ಲಿ, ಅದರಾಚೆಯ ತಳಿ, ಡೆಂಕಣಿಕೋಟೆಯ ಕಡೆ ಅಥವಾ ತಾಳವಾಡಿಯ ಎತ್ತರದ ಊರುಗಳಲ್ಲಿ ಹಾಗಲ್ಲ. ಡಿಸೆಂಬರ್ ಮತ್ತು ಜನವರಿಯ ರಾತ್ರಿಗಳಲ್ಲಿ ಇಲ್ಲಿ ಹೀಟರ್ ಇಲ್ಲದೆ ಹವಳ ಉಳಿಸಿಕೊಳ್ಳುವುದು ಕಷ್ಟ. ಆದರೆ ಇದೇ ಊರುಗಳಲ್ಲಿ ಏಪ್ರಿಲ್‌ನಲ್ಲಿ ಒಳ್ಳೆಯ ಬಿಸಿಲೂ ಇರುವುದರಿಂದ, ಚಳಿಗೆಂದು ತಂದ ಹೀಟರ್ ಬೇಸಿಗೆಯಲ್ಲಿ ಕೆಟ್ಟು ನಿಲ್ಲದೆ ಉರಿಯತೊಡಗಿದರೆ ಏನಾಗುತ್ತದೆ ಎಂಬುದನ್ನೂ ಕೊಳ್ಳುವಾಗಲೇ ಯೋಚಿಸಬೇಕು. ಹೀಟರ್ ಎಷ್ಟು ಚೆನ್ನಾಗಿ ಕಾಯಿಸುತ್ತದೆ ಎನ್ನುವುದಕ್ಕಿಂತ ಅದು ಕೆಟ್ಟಾಗ ಎಷ್ಟು ಹಾನಿ ಮಾಡಬಲ್ಲದು ಎನ್ನುವುದನ್ನು ನೋಡಿ ಆರಿಸುವುದೇ ಸರಿಯಾದ ಕ್ರಮ ಎಂದು ನಾನು ನಂಬಿದ್ದೇನೆ.

ಹವಳದ ಅಕ್ವೇರಿಯಂನ ನೀರು 24ರಿಂದ 27 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಸಾಕು, 25.5 ಡಿಗ್ರಿಯನ್ನು ಗುರಿಯಾಗಿಟ್ಟುಕೊಂಡರೆ ಎರಡೂ ಕಡೆ ಸ್ವಲ್ಪ ಅವಕಾಶ ಸಿಗುತ್ತದೆ. ಒಂದೇ ದಿನದಲ್ಲಿ ಒಂದು ಡಿಗ್ರಿಗಿಂತ ಹೆಚ್ಚು ಏರಿಳಿತವಾಗದಂತೆ ನೋಡಿಕೊಳ್ಳುವುದು ಒಳ್ಳೆಯದು. ನೀರು ಅತಿಯಾಗಿ ಬಿಸಿಯಾದರೆ ಹವಳವು ತನ್ನೊಳಗೆ ಬಾಳುವ, ತನಗೆ ಆಹಾರ ಒದಗಿಸುವ ಸೂಕ್ಷ್ಮ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ; ಬಿಸಿನೀರಿನಲ್ಲಿ ಆಮ್ಲಜನಕವೂ ಕಡಿಮೆ ಕರಗುವುದರಿಂದ ಮೀನುಗಳಿಗೂ ಉಸಿರುಗಟ್ಟುತ್ತದೆ.

ವ್ಯಾಟ್ ಲೆಕ್ಕ ಮಾಡುವ ಮೊದಲು ಅಕ್ವೇರಿಯಂ ಇರುವ ಕೋಣೆಯಲ್ಲೇ ಒಂದು ಥರ್ಮಾಮೀಟರ್ ಇಟ್ಟು, ಚಳಿಗಾಲದಲ್ಲಿ ಬೆಳಗಿನ ಜಾವದ ಉಷ್ಣತೆಯನ್ನು ಕೆಲವು ದಿನ ಬರೆದಿಡಿ. ಹವಾಮಾನ ವರದಿ ಹೇಳುವುದು ಹೊರಗಿನ ಚಳಿಯನ್ನು. ಹೀಟರಿಗೆ ಬೇಕಾದುದು ಕೋಣೆಯ ಚಳಿ. ಕೋಣೆ 18 ಡಿಗ್ರಿಗೆ ಇಳಿಯುತ್ತದೆ ಎಂದಿಟ್ಟುಕೊಂಡರೆ ನೀರನ್ನು ಅದಕ್ಕಿಂತ ಏಳೆಂಟು ಡಿಗ್ರಿ ಮೇಲೆ ಹಿಡಿದಿಡಬೇಕಾಗುತ್ತದೆ, ಅದಕ್ಕೆ ಲೀಟರಿಗೆ ಸುಮಾರು ಒಂದು ವ್ಯಾಟ್ ಎಂಬ ಸ್ಥೂಲ ಲೆಕ್ಕ ಸಾಕು. ಅಕ್ವೇರಿಯಂನ ಕೆಳಗಿಡುವ ಎರಡನೇ ತೊಟ್ಟಿಯಾದ ಸಂಪ್‌ನ ನೀರನ್ನು ಸೇರಿಸಿ, ಕಲ್ಲು ಮತ್ತು ಮರಳು ಆಕ್ರಮಿಸುವ ಜಾಗವನ್ನು ಕಳೆದು ಬಂದ ಲೀಟರುಗಳನ್ನೇ ಲೆಕ್ಕಕ್ಕೆ ಹಿಡಿಯಬೇಕು. 200 ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 230 ವ್ಯಾಟ್-ಗಂಟೆ ವಿದ್ಯುತ್ ಬೇಕು, ಎಂದರೆ 200 ವ್ಯಾಟಿನ ಹೀಟರಿಗೆ ಒಂದು ಗಂಟೆಗೂ ಮಿಕ್ಕಿದ ಕೆಲಸ. ಈ ನಿಧಾನಕ್ಕೆ ಬೇಸರಪಟ್ಟು ದೊಡ್ಡ ಹೀಟರ್ ಕೊಳ್ಳಬೇಡಿ. ಈ ನಿಧಾನವೇ ಹವಳಕ್ಕೆ ರಕ್ಷಣೆ.

ನಮ್ಮ ಹಳ್ಳಿಗಳ ಕಡೆ ಇನ್ನೊಂದು ವಿಷಯವನ್ನು ಗಮನಿಸಬೇಕು. 230 ವೋಲ್ಟಿಗೆ ತಯಾರಾದ ಹೀಟರಿಗೆ 180 ವೋಲ್ಟ್ ಮಾತ್ರ ಸಿಕ್ಕರೆ ಅದರ ಶಾಖ ಹತ್ತಿರ ಹತ್ತಿರ ಶೇಕಡಾ 60ಕ್ಕೆ ಇಳಿಯುತ್ತದೆ. ವೋಲ್ಟೇಜ್ ಸದಾ ಕಡಿಮೆ ಇರುವ ಮನೆಯಲ್ಲಿ ವ್ಯಾಟ್ ಹೆಚ್ಚಿಸುವುದಕ್ಕಿಂತ ಅಕ್ವೇರಿಯಂನ ಹಿಂಬದಿ ಮತ್ತು ಅಕ್ಕಪಕ್ಕಕ್ಕೆ ಥರ್ಮೋಕೋಲ್ ಹಾಳೆ ಅಂಟಿಸುವುದು ಮೇಲು. ಕರೆಂಟ್ ಹೋದ ರಾತ್ರಿಯಲ್ಲೂ ಅದು ಕೆಲಸಕ್ಕೆ ಬರುತ್ತದೆ. ವಿದೇಶದಿಂದ ಯಾರಾದರೂ ತಂದುಕೊಟ್ಟ 110 ವೋಲ್ಟಿನ ಹೀಟರನ್ನು ನಮ್ಮ ಸಾಕೆಟ್ಟಿಗೆ ಸಿಕ್ಕಿಸಲೇಬಾರದು.

ಬೇಕಾದ 200 ವ್ಯಾಟನ್ನು ಒಂದೇ ಹೀಟರಿನಲ್ಲಿ ಪಡೆಯುವ ಬದಲು 100 ವ್ಯಾಟಿನ ಎರಡನ್ನು ಕೊಳ್ಳಿ. ನಿಗದಿತ ಉಷ್ಣತೆಗೆ ಹೀಟರನ್ನು ನಿಲ್ಲಿಸುವ, ಅದರ ಒಳಗಿನ ಥರ್ಮೋಸ್ಟಾಟ್ ದಿನಕ್ಕೆ ಎಷ್ಟೋ ಬಾರಿ ತೆರೆದು ಮುಚ್ಚುವುದರಿಂದ, ಕಿಡಿ ಹಾರಿ ಹಾರಿ ಕೊನೆಗೊಮ್ಮೆ ಅದರ ಸ್ಪರ್ಶಬಿಂದುಗಳು ಬೆಸೆದುಕೊಂಡು ಹೀಟರ್ ನಿಲ್ಲದೆ ಉರಿಯುವ ಸಂಭವವಿದೆ. ಎರಡರಲ್ಲಿ ಒಂದು ಹಾಗೆ ಕೆಟ್ಟರೆ ನೀರು ಏರುವುದು ನಿಧಾನ, ನಮಗೆ ಗಮನಿಸಲು ಸಮಯ ಸಿಗುತ್ತದೆ. ಒಂದು ಪೂರ್ತಿ ಸತ್ತರೂ ಇನ್ನೊಂದು ರಾತ್ರಿಯನ್ನು ದಾಟಿಸುತ್ತದೆ. ಇವೆರಡರ ಮೇಲೆ ಬೇರೊಂದು ಉಷ್ಣತಾ ಕಂಟ್ರೋಲರ್ ಹಾಕಲೇಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಹಣ ಕಡಿಮೆಯಿದ್ದರೆ ಹೀಟರಿನ ಬ್ರ್ಯಾಂಡಿನಲ್ಲಿ ಉಳಿಸಿ, ಕಂಟ್ರೋಲರಿನಲ್ಲಿ ಬೇಡ. ಕಂಟ್ರೋಲರನ್ನು 25.5ಕ್ಕೂ ಹೀಟರಿನ ತಿರುಗಣೆಯನ್ನು ಅದಕ್ಕಿಂತ ಒಂದು ಡಿಗ್ರಿ ಮೇಲಕ್ಕೂ ಇಟ್ಟರೆ, ಕಂಟ್ರೋಲರಿನ ರಿಲೇ (ಒಳಗಿನ ಸ್ವಿಚ್) ಅಂಟಿಕೊಂಡಾಗಲೂ ಹೀಟರ್ ತಾನಾಗಿ ನಿಲ್ಲುತ್ತದೆ. ತಿರುಗಣೆಯ ಮೇಲಿನ ಅಂಕಿ ಒಂದೆರಡು ಡಿಗ್ರಿ ತಪ್ಪಿರುವುದು ಸಾಮಾನ್ಯವಾದ್ದರಿಂದ ಪ್ರತ್ಯೇಕ ಥರ್ಮಾಮೀಟರಿನಿಂದ ತಾಳೆ ನೋಡಬೇಕು.

ಕಂಟ್ರೋಲರಿನ ದುರ್ಬಲ ಜಾಗ ನೀರಿನ ಉಷ್ಣತೆ ಅಳೆಯುವ ಅದರ ಪ್ರೋಬ್. ಅದನ್ನು ಗಾಜಿಗೆ ಅಂಟಿಸುವ ರಬ್ಬರಿನ ಹೀರುಬಟ್ಟಲು ಕೆಲವೇ ತಿಂಗಳಲ್ಲಿ ಗಟ್ಟಿಯಾಗಿ ಗಾಜಿನ ಹಿಡಿತ ಬಿಡುತ್ತದೆ. ಜಾರಿದ ಪ್ರೋಬ್ ನೀರಿನ ಮೇಲೆ ತೂಗಾಡುತ್ತ ಕೋಣೆಯ 18 ಡಿಗ್ರಿಯನ್ನೇ ನೀರಿನದೆಂದು ತೋರಿಸುವಾಗ ಕಂಟ್ರೋಲರ್ ಎರಡೂ ಹೀಟರುಗಳಿಗೆ ಬಿಡದೆ ವಿದ್ಯುತ್ ಹರಿಸುತ್ತದೆ, ಆಗ ಅವನ್ನು ತಡೆಯಲು ಉಳಿಯುವುದು ಅವುಗಳ ಒಳಗಿನ ಥರ್ಮೋಸ್ಟಾಟ್ ಮಾತ್ರ. ಆದ್ದರಿಂದ ಪ್ರೋಬಿನ ತಂತಿಯನ್ನು ಸಂಪ್‌ನ ಅಂಚಿಗೆ ಪ್ಲಾಸ್ಟಿಕ್ ಕ್ಲಿಪ್‌ನಿಂದ ಬಿಗಿದು, ಅದರ ತುದಿ ನೀರಿನ ಮಟ್ಟದಿಂದ ಸಾಕಷ್ಟು ಕೆಳಗಿರುವಂತೆ ನೋಡಿಕೊಳ್ಳಿ.

ಹೊರಕವಚದ ವಿಷಯದಲ್ಲಿ ಗಾಜು ಮತ್ತು ಟೈಟಾನಿಯಂ ಎರಡೂ ಉಪ್ಪುನೀರಿಗೆ ಸರಿ. ಗಾಜು ಅಗ್ಗ, ಆದರೆ ಕಲ್ಲು ಬಿದ್ದರೆ ಒಡೆಯುತ್ತದೆ. ಟೈಟಾನಿಯಂ ತುಕ್ಕು ಹಿಡಿಯುವುದಿಲ್ಲ. ಅದರ ಹಲವು ಮಾದರಿಗಳಲ್ಲಿ ಥರ್ಮೋಸ್ಟಾಟ್ ಇರದ ಕಾರಣ ಕಂಟ್ರೋಲರ್ ಇಲ್ಲದೆ ಅವನ್ನು ಬಳಸುವಂತಿಲ್ಲ. ಸ್ಟೀಲ್ ಬೇಡ. ಸ್ನಾನದ ನೀರು ಕಾಯಿಸುವ ರಾಡನ್ನು ತುರ್ತಿಗೆಂದೂ ಇಳಿಸಬಾರದು: ಅದರ ಕೊಳವೆ ಸಾಮಾನ್ಯವಾಗಿ ತಾಮ್ರದ್ದು, ಮತ್ತು ನೀರಿಗಿಳಿದ ತಾಮ್ರ ಹವಳ, ಸಿಗಡಿ, ಶಂಖದ ಹುಳುಗಳಿಗೆ ವಿಷ.

ಹೀಟರುಗಳನ್ನು ಸಂಪ್‌ನಲ್ಲಿ, ನೀರು ಸದಾ ಹರಿಯುವ ಹಾಗೂ ಆವಿಯಾದರೂ ಮಟ್ಟ ಇಳಿಯದ ವಿಭಾಗದಲ್ಲಿ, ಸಾಮಾನ್ಯವಾಗಿ ಸ್ಕಿಮ್ಮರ್ (ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಸಾಧನ) ಇರುವಲ್ಲಿ ಇಡಿ. ಮೇಲಕ್ಕೆ ನೀರೆತ್ತುವ ಪಂಪಿನ ವಿಭಾಗದ ಮಟ್ಟ ದಿನವೂ ಇಳಿಯುವುದರಿಂದ ಅಲ್ಲಿ ಹೀಟರ್ ಗಾಳಿಗೆ ತೆರೆದುಕೊಂಡು ಒಡೆಯಬಹುದು. ಸಂಪ್ ಇಲ್ಲದವರು ಹೀಟರಿಗೆ ಪ್ಲಾಸ್ಟಿಕ್ ಜಾಲರಿ ತೊಡಿಸಬೇಕು, ಇಲ್ಲದಿದ್ದರೆ ಅಡ್ಡಾಡುವ ಕಡಲ ಹೂ (ಅನಿಮೋನ್ ಎಂಬ ಮೆದು ಪ್ರಾಣಿ) ಅದಕ್ಕೆ ಅಂಟಿಕೊಂಡು ಸುಟ್ಟುಕೊಳ್ಳುತ್ತದೆ. ನೀರು ಬದಲಿಸುವ ಕಾಲು ಗಂಟೆ ಮೊದಲೇ ಹೀಟರಿನ ಸ್ವಿಚ್ ಆಫ್ ಮಾಡಿ.

ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ಒಡೆದ ಹೀಟರ್ ಇರುವ ನೀರಿಗೆ ಕೈ ಹಾಕುವವರು ನೀವೇ. ಅಕ್ವೇರಿಯಂನ ಸಾಕೆಟ್ಟುಗಳಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್) ಹಾಕಿಸಿ, ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷೆ ಮಾಡಿಸಿ, ಪ್ರತಿ ತಂತಿಯೂ ಸಾಕೆಟ್ಟಿಗಿಂತ ಕೆಳಗೆ ಜೋತು ಮತ್ತೆ ಮೇಲೇರುವಂತೆ ಬಿಡಿ. ತಂತಿಗುಂಟ ಇಳಿದ ಹನಿ ಆಗ ಸಾಕೆಟ್ಟನ್ನು ತಲುಪದೆ ಕೆಳಗೇ ತೊಟ್ಟಿಕ್ಕುತ್ತದೆ.

ದೀಪಾವಳಿಯ ಹೊತ್ತಿಗೆ, ಚಳಿ ಬಲಿಯುವ ಮೊದಲೇ, ಎರಡೂ ಹೀಟರುಗಳನ್ನು ಪ್ಲಾಸ್ಟಿಕ್ ಬಕೆಟ್ ನೀರಿನಲ್ಲಿ ಒಂದೊಂದಾಗಿ ಉರಿಸಿ ನೋಡಿ. ನಿಗದಿತ ಉಷ್ಣತೆಗೆ ಬಂದಾಗ ತಾನಾಗಿ ನಿಲ್ಲದ ಹೀಟರನ್ನೂ, ಗಾಜಿನ ಒಳಗೆ ತೇವ ಕಂಡ ಹೀಟರನ್ನೂ ಮತ್ತೆ ಬಳಸಬೇಡಿ. ಮೂರು ವರ್ಷ ದಾಟಿದ್ದನ್ನು ಸರಿಯಾಗಿ ಕಂಡರೂ ಬದಲಿಸಿಬಿಡಿ.