ಕಬ್ಬಿಣದ ಮಾತ್ರೆ: ನುಂಗುವುದಕ್ಕೂ ಒಂದು ಹೊತ್ತುಂಟು

ಎಚ್‌ಬಿ (ರಕ್ತದ ಹಿಮೋಗ್ಲೋಬಿನ್) 9 ಇತ್ತು. ಮೂರು ತಿಂಗಳು ಕಬ್ಬಿಣದ ಮಾತ್ರೆ ನುಂಗಿದ ಮೇಲೆ 9.4. ಇಂಥ ಚೀಟಿ ಕೈಗೆ ಬಂದಾಗ ಮಾತ್ರೆಯನ್ನು ದೂರುವ ಮೊದಲು, ಅದನ್ನು ಯಾವ ಹೊತ್ತಿನಲ್ಲಿ, ಯಾವುದರ ಜೊತೆ ನುಂಗಿದ್ದು ಎಂದು ನೋಡಬೇಕು. ಬಹಳ ಮನೆಗಳಲ್ಲಿ ಉತ್ತರ ಒಂದೇ: ತಿಂಡಿಯಾದ ಮೇಲೆ, ಕಾಫಿ ಕುಡಿಯುತ್ತಾ.

ಮೊದಲು ಚೀಟಿ ಓದಿ. ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ, ಬಸುರಿಯರಿಗೆ 11ಕ್ಕಿಂತ, ಗಂಡಸರಿಗೆ 13ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಆದರೆ ರಕ್ತ ಕಮ್ಮಿ ಎಂದರೆ ಕಬ್ಬಿಣವೇ ಕಮ್ಮಿ ಎಂದಲ್ಲ. ಬಿ12 ಕೊರತೆಯಿಂದಲೂ ಇಳಿಯುತ್ತದೆ, ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದೋಷದ ವಂಶವಾಹಿ ಇದ್ದವರಲ್ಲೂ ಇಳಿಯುತ್ತದೆ. ಫೆರಿಟಿನ್ ಪರೀಕ್ಷೆ ಮಾಡಿಸಿದರೆ ದೇಹದ ಉಗ್ರಾಣದಲ್ಲಿ ಕಬ್ಬಿಣ ಎಷ್ಟಿದೆ ಎಂದು ತಿಳಿಯುತ್ತದೆ. 15ಕ್ಕಿಂತ ಕೆಳಗಿದ್ದರೆ ಉಗ್ರಾಣ ಖಾಲಿ. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ನಮ್ಮ ದೇಹಕ್ಕಿಲ್ಲ. ದಿನಕ್ಕೆ ಸುಮಾರು 1 ಮಿ.ಗ್ರಾಂ ಸವೆದು ಹೋಗುತ್ತದೆ, ಅಷ್ಟೇ. ಹಾಗಾಗಿ ಕೊರತೆಯಿಲ್ಲದವರು ‘ಶಕ್ತಿಗೆ’ ಎಂದು ವರ್ಷಗಟ್ಟಲೆ ನುಂಗುವುದು ಬೇಡ.

ಸ್ಟ್ರಿಪ್ ತಿರುಗಿಸಿ ನೋಡಿ. ಫೆರಸ್ ಸಲ್ಫೇಟ್ 200 ಮಿ.ಗ್ರಾಂ ಎಂದಿದ್ದರೆ ಅದು ಇಡೀ ಲವಣದ (ಕಬ್ಬಿಣ ಬೆರೆತ ಸಂಯುಕ್ತದ) ತೂಕ, ಅದರೊಳಗಿನ ಕಬ್ಬಿಣ ಸುಮಾರು 65 ಮಿ.ಗ್ರಾಂ. ಗ್ಲುಕೋನೇಟ್ 300 ಮಿ.ಗ್ರಾಂನಲ್ಲಿ 35ರ ಆಸುಪಾಸು. ಲೆಕ್ಕಕ್ಕೆ ಬೇಕಾದದ್ದು ‘ಎಲಿಮೆಂಟಲ್ ಐರನ್’ ಎಂಬ ಸಾಲು. ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ಇರುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ.

ಹೊತ್ತು ಗೊತ್ತುಮಾಡಿ. ಎಡವುವುದು ಇಲ್ಲೇ. ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಉಂಡು ಎರಡು ಗಂಟೆಯ ನಂತರ, ನೀರು ಇಲ್ಲವೇ ನಿಂಬೆ ಪಾನಕದ ಜೊತೆ ನುಂಗಬೇಕು. ಕಾಫಿ, ಚಹಾದ ಒಗರು ಕಬ್ಬಿಣವನ್ನು ಹಿಡಿದುಕೊಂಡು ಕರುಳು ಹೀರದಂತೆ ಮಾಡುತ್ತದೆ. ಊಟದ ಜೊತೆ ಒಂದು ಲೋಟ ಕಾಫಿ ಕುಡಿದರೆ ಹೀರಿಕೆ ಸುಮಾರು ಶೇ 40 ಕುಸಿಯುತ್ತದೆ, ಚಹಾ ಆದರೆ ಶೇ 60ಕ್ಕೂ ಹೆಚ್ಚು. ಉಂಡು ಒಂದು ಗಂಟೆ ಬಿಟ್ಟು ಕುಡಿದರೂ ಕಾಫಿಯ ಕಾಟ ತಪ್ಪದು. ಒಂದು ಗಂಟೆ ಮುಂಚೆಯೇ ಕುಡಿದು ಮುಗಿಸಿದರೆ ತೊಂದರೆಯಿಲ್ಲ. ಹಾಲು, ರಾಗಿ ಮಾಲ್ಟ್, ಕ್ಯಾಲ್ಸಿಯಂ ಮಾತ್ರೆ, ಆ್ಯಸಿಡಿಟಿ ಮಾತ್ರೆ ಇವೂ ಅಡ್ಡಗಾಲೇ, ಎರಡು ಗಂಟೆ ದೂರವಿಡಿ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು.

ಎಲ್ಲವನ್ನೂ ಹೊಂದಿಸಿದರೆ ದಿನ ಹೀಗಿರುತ್ತದೆ: ಆರಕ್ಕೆ ಥೈರಾಯ್ಡ್ ಮಾತ್ರೆ, ಎಂಟೂವರೆಗೆ ತಿಂಡಿ. ಹನ್ನೊಂದರ ಕಾಫಿಯನ್ನು ಹತ್ತಕ್ಕೇ ಎಳೆದುಕೊಳ್ಳಿ. ಹನ್ನೊಂದಕ್ಕೆ ಕಬ್ಬಿಣ. ಮಧ್ಯಾಹ್ನ ಉಂಡ ಮೇಲೆ ಒಂದು, ರಾತ್ರಿ ಉಂಡ ಮೇಲೆ ಒಂದು ಕ್ಯಾಲ್ಸಿಯಂ.

ಹೊಟ್ಟೆ ತೊಳಸಿದರೆ ರಾತ್ರಿ ಸ್ವಲ್ಪ ಉಂಡು ಮಲಗುವ ಮುಂಚೆ ನುಂಗಿ. ಹೀರಿಕೆ ತುಸು ಕಡಿಮೆಯಾದರೂ ಬಿಟ್ಟುಬಿಡುವುದಕ್ಕಿಂತ ವಾಸಿ. ಬೇಗ ಏರಲಿ ಎಂದು ದಿನಕ್ಕೆರಡು ನುಂಗುವುದರಲ್ಲಿ ಲಾಭ ಕಡಿಮೆ. ಒಂದು ಮಾತ್ರೆ ಒಳಗೆ ಹೋದೊಡನೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನು ಬಿಟ್ಟು ಸುಮಾರು ಒಂದು ದಿನ ಕರುಳಿನ ಬಾಗಿಲನ್ನು ಓರೆ ಮಾಡಿಬಿಡುತ್ತದೆ. ದಿನ ಬಿಟ್ಟು ದಿನ ಕೊಟ್ಟರೆ ಪ್ರತಿ ಮಾತ್ರೆಯಿಂದ ಹೆಚ್ಚು ಕಬ್ಬಿಣ ದಕ್ಕುವುದು ಇದರಿಂದಲೇ. ಬಸುರಿಯರು ಮಾತ್ರ ವೈದ್ಯರನ್ನು ಕೇಳದೆ ಹೀಗೆ ಬದಲಿಸಬಾರದು. ಮಲ ಕಪ್ಪಗಾಗುವುದು ಸಹಜ. ಡಾಂಬರಿನಂತೆ ಅಂಟಂಟಾಗಿ ದುರ್ನಾತ ಬಂದರೆ ಅದು ಒಳಗಿನ ರಕ್ತಸ್ರಾವ ಇರಬಹುದು, ತಡಮಾಡಬೇಡಿ. ಮಕ್ಕಳ ಸಿರಪ್ ಹಲ್ಲನ್ನು ಕಪ್ಪಾಗಿಸುತ್ತದೆ. ನಾಲಗೆಯ ಹಿಂಭಾಗಕ್ಕೆ ಹಾಕಿ ನೀರು ಕುಡಿಸಿ.

ಎಷ್ಟು ದಿನ? ಸರಿಯಾಗಿ ನುಂಗಿದರೆ ತಿಂಗಳೊಪ್ಪತ್ತಿನಲ್ಲಿ ಎಚ್‌ಬಿ ಒಂದಾದರೂ ಗ್ರಾಂ ಏರಬೇಕು. ಏರದಿದ್ದರೆ ಸೋರಿಕೆ ಹುಡುಕಿಸಿ: ಹೆಚ್ಚಿನ ಮುಟ್ಟಿನ ಸ್ರಾವ, ಮೂಲವ್ಯಾಧಿ, ಹೊಟ್ಟೆಹುಣ್ಣು, ಬರಿಗಾಲಿನಲ್ಲಿ ಗದ್ದೆಗಿಳಿಯುವವರಿಗೆ ಕೊಕ್ಕೆಹುಳು. ಏರಿದ ಮೇಲೂ ಮೂರು ತಿಂಗಳು ಮುಂದುವರಿಸಬೇಕು, ಉಗ್ರಾಣ ತುಂಬುವುದು ಆಗಲೇ. ಸುಸ್ತು ಹೋಯಿತೆಂದು ಅರ್ಧಕ್ಕೆ ಬಿಟ್ಟವರೇ ಆರು ತಿಂಗಳಲ್ಲಿ ಮತ್ತೆ ಬರುವುದು.

ಊಟದ ಮಾತು ಬಂದರೆ ಎಲ್ಲರೂ ಬೀಟ್‌ರೂಟ್ ಎನ್ನುತ್ತಾರೆ. ಬಣ್ಣ ರಕ್ತದ್ದು, ಕಬ್ಬಿಣ ಮಾತ್ರ 100 ಗ್ರಾಂಗೆ 1 ಮಿ.ಗ್ರಾಂ ಕೂಡ ಇಲ್ಲ. ಅದರ ಬದಲು ಮೊಳಕೆ ಹುರುಳಿಯ ಬಸ್ಸಾರಿಗೆ ನಿಂಬೆ ಹಿಂಡಿ, ಊಟದ ಕೊನೆಗೆ ಅರ್ಧ ಸೀಬೆಹಣ್ಣು ತಿನ್ನಿ. ಹುಣಸೆಹುಳಿಯ ಗೊಜ್ಜನ್ನು ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೂ ಒಂದಿಷ್ಟು ಕಬ್ಬಿಣ ಇಳಿಯುತ್ತದೆ. ರಾತ್ರಿಯಿಡೀ ಅದರಲ್ಲೇ ಬಿಟ್ಟರೆ ಕಪ್ಪಗಾಗಿ ನಾಲಗೆಗೆ ಹತ್ತದು.

ಮಾತ್ರೆ ಇಡುವ ಜಾಗ. ಸಕ್ಕರೆ ಲೇಪದ ಬಣ್ಣದ ಮಾತ್ರೆ ಮಕ್ಕಳ ಕಣ್ಣಿಗೆ ಮಿಠಾಯಿ. 10 ಕಿಲೋ ತೂಕದ ಮಗು 60 ಮಿ.ಗ್ರಾಂನ ಹತ್ತು ಮಾತ್ರೆ ತಿಂದರೆ ಜೀವಕ್ಕೇ ಅಪಾಯ, ನಾಲ್ಕೇ ತಿಂದರೂ ವಿಷಲಕ್ಷಣ ಕಾಣಬಹುದು. ಅನುಮಾನ ಬಂದರೆ ವಾಂತಿ ಮಾಡಿಸುತ್ತಾ ಕೂರದೆ ಖಾಲಿ ಸ್ಟ್ರಿಪ್ ಹಿಡಿದೇ ಆಸ್ಪತ್ರೆಗೆ ಓಡಿ. ಮೊದಲ ವಾಂತಿ, ಭೇದಿ ನಿಂತು ಮಗು ಕೆಲವು ಗಂಟೆ ಆಡಿಕೊಂಡಿದ್ದರೂ ನಂಬಬೇಡಿ. ಕಬ್ಬಿಣದ ವಿಷ ಯಕೃತ್ತನ್ನು ಹಿಡಿಯುವುದು ಆ ನಂತರ.