ನಾಯಿಗೆ ಹಸಿ ಲಿವರ್ ಎಸೆಯುವ ಮುನ್ನ

ಕುರಿ, ಮೇಕೆ, ದನ ಸಾಕುವವರು ದಯವಿಟ್ಟು ಇದನ್ನು ಓದಿ. ಕುರಿ ಕೊಯ್ದಾಗ ಲಿವರ್ ಅಥವಾ ಶ್ವಾಸಕೋಶದಲ್ಲಿ ಬಿಳಿ ಪೊರೆಯ, ಒಳಗೆ ತಿಳಿನೀರು ತುಂಬಿದ ಗುಳ್ಳೆ ಕಂಡರೆ ಆ ಭಾಗವನ್ನು ನಾಯಿಗೆ ಹಾಕಲೇಬೇಡಿ. ಅದು ಎಕಿನೋಕಾಕಸ್ ಎಂಬ ಲಾಡಿಹುಳುವಿನ ಮರಿಗಳ ಗೂಡು. ನಾಯಿ ತಿಂದರೆ ಅದರ ಕರುಳಲ್ಲಿ ಹುಳುಗಳು ಬೆಳೆಯುತ್ತವೆ. ಲಾಡಿಹುಳು ಅಂದರೆ ಉದ್ದನೆಯ ಪಟ್ಟಿ ಅಂದುಕೊಳ್ಳಬೇಡಿ, ಇದರ ಉದ್ದ ಒಂದು ಸೆಂಟಿಮೀಟರ್ ಕೂಡ ಇರುವುದಿಲ್ಲ. ನಾಯಿ ಗಟ್ಟಿಮುಟ್ಟಾಗಿಯೇ ಓಡಾಡಿಕೊಂಡಿರುತ್ತದೆ, ಹಾಗಾಗಿ ಯಾರಿಗೂ ಅನುಮಾನವೇ ಬರುವುದಿಲ್ಲ.

ಅದರ ಮಲದಲ್ಲಿ ಬಿದ್ದ ಮೊಟ್ಟೆ ಹುಲ್ಲು, ನೀರಿನ ಮೂಲಕ ಮತ್ತೆ ಕುರಿಯ ಹೊಟ್ಟೆ ಸೇರುತ್ತದೆ. ನಾಯಿಯ ಮೈ ಸವರಿದ ಕೈಯಿಂದ, ತೊಳೆಯದ ಸೊಪ್ಪಿನಿಂದ ನಮಗೂ ಬರುತ್ತದೆ. ಮಾಂಸ ತಿಂದರೆ ಬರುವ ರೋಗವಲ್ಲ ಇದು, ಸಸ್ಯಾಹಾರಿಗಳಿಗೂ ಬರಬಹುದು. ಮನುಷ್ಯರ ಲಿವರ್‌ನಲ್ಲಿ ಗುಳ್ಳೆ ಸದ್ದಿಲ್ಲದೆ ವರ್ಷಗಟ್ಟಲೆ ಬೆಳೆಯುತ್ತದೆ, ಎಷ್ಟೋ ಸಲ ಆಪರೇಷನ್ ಮಾಡಬೇಕಾಗುತ್ತದೆ.

ಗುಳ್ಳೆಯಿರುವ ಅಂಗವನ್ನು ಸುಟ್ಟುಬಿಡಿ, ಇಲ್ಲವೇ ನಾಯಿ ಕೆದಕಲಾಗದಷ್ಟು ಆಳಕ್ಕೆ ಹೂಳಿ. ಜಂತುಹುಳುವಿನ ಎಲ್ಲ ಮಾತ್ರೆಯೂ ಇದಕ್ಕೆ ನಾಟುವುದಿಲ್ಲ, ಪ್ರಾಜಿಕ್ವಾಂಟೆಲ್ ಇರುವುದೇ ಬೇಕು. ನಾಯಿಯ ತೂಕ ಹೇಳಿ ಪಶುವೈದ್ಯರಿಂದ ಪ್ರಮಾಣ ಬರೆಸಿಕೊಳ್ಳಿ. ಒಮ್ಮೆ ಕೊಟ್ಟು ಮರೆತರೆ ಸಾಲದು, ಹಸಿ ಅಂಗ ಸಿಕ್ಕಿದರೆ ಹುಳು ಮತ್ತೆ ಬರುತ್ತದೆ. ಮಾತ್ರೆ ಕೊಟ್ಟ ನಂತರದ ಕೆಲವು ದಿನ ನಾಯಿಯನ್ನು ಕಟ್ಟಿಹಾಕಿ, ಮಲವನ್ನು ಕೈಗವಸು ಹಾಕಿಕೊಂಡೇ ತೆಗೆದು ಹೂಳಿ. ಮಕ್ಕಳಂತೂ ನಾಯಿಯ ಜೊತೆ ಆಡಿ ಬಂದವರೇ ತಿಂಡಿಗೆ ಕೈ ಹಾಕುತ್ತಾರೆ, ಮೊದಲು ಸೋಪು ಹಚ್ಚಿ ಕೈ ತೊಳೆಸಿ.